ತಮ್ಮನನ್ನು ಯಾರಾದರೂ ಕೇಳಿದ್ದಾರಾ?

ಸೋಮವಾರಪೇಟೆ ಕಡೆಯ ಒಬ್ಬ ಓದುಗರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. "ಮಳೆಗಾಲದಲ್ಲಿ ನನ್ನ ತಮ್ಮ ಎಂಟು ದಿನ ಸರಿಯಾಗಿ ಊಟ ಮಾಡಲಿಲ್ಲ. ರಾತ್ರಿಯೆಲ್ಲ ತೋಟದಲ್ಲಿ ತಿರುಗುತ್ತಿದ್ದ, ಸಾಯ್ತೀನಿ ಅನ್ನುತ್ತಿದ್ದ. ಅಣ್ಣ ಸಹಿ ಹಾಕಿ ದೂರದ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಈಗ ಕಾಫಿ ಕುಯ್ಲು ಶುರುವಾಗಿದೆ, ನಾಲ್ಕು ತಿಂಗಳಾಯ್ತು. ಮನೆಗೆ ಬರ್ತೀನಿ ಅಂತ ಅಳುತ್ತಾನೆ. ಅಣ್ಣ ಹೇಳದೆ ಬಿಡುವುದಿಲ್ಲ ಎನ್ನುತ್ತಾರೆ ಆಸ್ಪತ್ರೆಯವರು. ಫೋನ್ ಕೊಡುವುದೂ ಅಪರೂಪ. ಇದು ಸರಿಯಾ?"

ಅಕ್ಕಾ, ನಿಮ್ಮ ಪತ್ರ ಓದಿ ಎರಡು ದಿನ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಮೊದಲು ನಿಮ್ಮ ಅಣ್ಣನ ವಿಷಯ. ಆ ರಾತ್ರಿಗಳಲ್ಲಿ ಅವರು ಹೆದರಿದ್ದು ಸಹಜ. ಸಾಯುತ್ತೇನೆ ಎನ್ನುವವರನ್ನು, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯದಲ್ಲಿರುವವರನ್ನು ಅವರ ಒಪ್ಪಿಗೆ ಇಲ್ಲದೆಯೂ ಸೇರಿಸಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ದಾರಿ ಇದೆ. ಆದರೆ ಮನೆಯವರ ಸಹಿ ಒಂದೇ ಸಾಲದು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು, ಇನ್ನೊಬ್ಬರು ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಆಗಿರಬೇಕು. ಆಗಲೂ 30 ದಿನ ಮಾತ್ರ. ಸೇರಿಸಿದ 7 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಹೆಂಗಸರು, ಮಕ್ಕಳಾದರೆ 3 ದಿನದೊಳಗೆ.

30 ದಿನ ದಾಟಬೇಕೆಂದರೆ ಇಬ್ಬರು ಮನೋವೈದ್ಯರು ಹೇಳಬೇಕು, ಮಂಡಳಿ ಒಪ್ಪಬೇಕು. ಒಪ್ಪಿದರೆ ಮೊದಲು 90 ದಿನದವರೆಗೆ. ಹಾಗಾಗಿ ನಾಲ್ಕು ತಿಂಗಳಾಯ್ತು ಎಂದ ಮಾತ್ರಕ್ಕೆ ಅದು ತಪ್ಪು ಎಂದು ನಾನು ಹೇಳಲಾರೆ. ಮಂಡಳಿ ಒಪ್ಪಿದ ಕಾಗದ ಎಲ್ಲಿದೆ? ಅದು ನೀವು ಕೇಳಬೇಕಾದ ಮೊದಲ ಪ್ರಶ್ನೆ. ಆ ಕಾಗದ ಇಲ್ಲದಿದ್ದರೆ "ಅಣ್ಣ ಹೇಳಬೇಕು" ಎನ್ನುವುದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ಅಥವಾ ನಿಮ್ಮ ತಮ್ಮ ತಾವಾಗಿಯೇ ಒಪ್ಪಿ ಸೇರಿದ್ದಾರೆ ಎಂದು ಬರೆದುಕೊಂಡಿದ್ದಾರಾ? ಹಾಗಿದ್ದರೆ ಹೊರಡುತ್ತೇನೆ ಎಂದಾಗ ಬಿಡಬೇಕು. ಪರೀಕ್ಷೆಗೆಂದು 24 ಗಂಟೆ ತಡೆಯಬಹುದು, ಅಷ್ಟೇ.

ಫೈಲ್ ನಿಮಗೆ ತೋರಿಸದೇ ಇರಬಹುದು, ಅದು ರೋಗಿಯ ಗುಟ್ಟು ಕಾಯುವ ನಿಯಮ. ಆದರೆ ತಮ್ಮನಿಗೆ ತನ್ನ ದಾಖಲೆ ನೋಡುವ ಹಕ್ಕಿದೆ. ಹೊತ್ತು ಗೊತ್ತು ನೋಡಿ ಫೋನ್ ಮಾಡುವ, ಬಂದವರನ್ನು ಕಾಣುವ ಹಕ್ಕೂ ಇದೆ. ಯಾರೋ ಕರುಣೆಯಿಂದ ಕೊಡುವುದಲ್ಲ ಅದು.

ಇನ್ನೊಂದು ಮಾತು ಜಾಸ್ತಿ ಜನರಿಗೆ ಗೊತ್ತಿಲ್ಲ. ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ರೋಗಿಯೇ ಆರಿಸಿಕೊಳ್ಳಬಹುದು. ನಾಮನಿರ್ದೇಶಿತ ಪ್ರತಿನಿಧಿ ಎನ್ನುತ್ತಾರೆ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆಯಲ್ಲಿ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಆಯ್ತು. ತಮ್ಮ ನಿಮ್ಮ ಹೆಸರು ಬರೆದರೆ ನೀವೇ ಮಂಡಳಿಗೆ ಅರ್ಜಿ ಕೊಡಬಹುದು. ಅರ್ಜಿಗೆ ಶುಲ್ಕವಿಲ್ಲ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಇಂಥ ರೋಗಿಗಳಿಗೆ ಉಚಿತ ಕಾನೂನು ನೆರವು ಈ ಕಾಯ್ದೆಯಲ್ಲೇ ಇದೆ.

ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ: "ಹುಚ್ಚನಿಗೆ ತೋಟದಲ್ಲಿ ಪಾಲು ಯಾಕೆ ಅಂತ ಊರಲ್ಲಿ ಮಾತಾಡ್ತಾರೆ." ಅಕ್ಕಾ, ಆ ಮಾತು ನನ್ನನ್ನು ತುಂಬಾ ಚುಚ್ಚಿತು. ಕಾಯಿಲೆ ಇದೆ ಎಂದ ಮಾತ್ರಕ್ಕೆ ಒಬ್ಬರು ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು ಎಂದಾಗುವುದಿಲ್ಲ. ಅದನ್ನು ಕೋರ್ಟ್ ಮಾತ್ರ ಹೇಳಬಹುದು. ಆಸ್ಪತ್ರೆ ಚೀಟಿ ತೋರಿಸಿ ಯಾರೂ ಯಾರ ಪಾಲನ್ನೂ ಕಿತ್ತುಕೊಳ್ಳಲಾಗದು. ಈ ದಿನಗಳಲ್ಲಿ ಯಾವ ಕಾಗದಕ್ಕೂ ಸುಮ್ನೆ ಸಹಿ ಹಾಕಬೇಡ ಎಂದು ತಮ್ಮನಿಗೆ ಹೇಳಿ.

ನಾನು ಚಿಕ್ಕವನಿದ್ದಾಗ ನಮ್ಮ ಪಕ್ಕದ ಲೈನ್ ಮನೆಯಲ್ಲಿ ಒಬ್ಬರ ಕಾಲಿಗೆ ಸರಪಳಿ ಹಾಕಿದ್ದರು. ನಾವು ಮಕ್ಕಳು ಆ ದಾರಿ ಬಿಟ್ಟು ಬಳಸಿ ಹೋಗುತ್ತಿದ್ದೆವು. ಅವರಿಗೆ ಏನು ಬೇಕು ಎಂದು ದೊಡ್ಡವರು ಒಂದು ದಿನವೂ ಕೇಳಿದ್ದನ್ನು ನಾನು ನೋಡಲಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಡುತ್ತಿದ್ದ ಒಂದು ಆಶ್ರಯದಲ್ಲಿ 2001ರ ಆಗಸ್ಟ್ 6ರಂದು ಹಾಗೆ ಕಟ್ಟಿ ಹಾಕಿದ್ದ 28 ಜನ ಬೆಂಕಿಯಲ್ಲಿ ಸತ್ತರು. ಈಗ ಸರಪಳಿ ಹಾಕುವುದನ್ನು ಕಾನೂನು ಪೂರ್ತಿ ನಿಷೇಧಿಸಿದೆ.

ನಿಮ್ಮ ತಮ್ಮ ಮನೆಗೆ ಬಂದ ಮೇಲಿನ ಭಯವೂ ನಿಮಗಿದೆ ಅಲ್ವಾ? ಅದಕ್ಕೂ ತಯಾರಿ ಮಾಡಿ. ಡಿಸ್ಚಾರ್ಜ್ ಆಗುವ ಮೊದಲೇ ಮಾತ್ರೆ, ಮುಂದಿನ ಭೇಟಿಯ ದಿನ ಎಲ್ಲ ಡಾಕ್ಟರ್ ಹತ್ತಿರ ಕೂತು ಬರೆಸಿಕೊಳ್ಳಿ. ಮನೆಯಲ್ಲಿ ಕೋವಿ ಇದ್ದರೆ ಬೀಗದೊಳಗೆ ಇರಲಿ, ತೋಟಕ್ಕೆ ಹೊಡೆಯುವ ಔಷಧಿಯೂ ಅಷ್ಟೇ. ಎರಡರ ಕೀಲಿಯೂ ನಿಮ್ಮ ಹತ್ತಿರ ಇರಲಿ. ರಾತ್ರಿ ಹೊತ್ತು ಕೈಕಾಲು ಆಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ. ಒಂದು ಬಿಳಿ ಹಾಳೆ, ಪೆನ್ನು ಚೀಲದಲ್ಲಿರಲಿ. ತಮ್ಮನ ಪಕ್ಕ ಕೂತು ನಿನಗೆ ಏನು ಬೇಕು ಎಂದು ಕೇಳಿ. ಏನು ಹೇಳಿದರು ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

ಸಂ.