ಕಾರವಾರದ ಬಂಡೆಯ ವಯಸ್ಸು ಕಾರ್ಬನ್ ಡೇಟಿಂಗ್‌ನಿಂದ ಗೊತ್ತಾಗುತ್ತದೆಯೇ?

ಇಲ್ಲ. "ಕಾರ್ಬನ್ 14 ಸುಮಾರು 50,000 ವರ್ಷದಾಚೆ ಹೇಳಲಾರದು, ಹಾಗಾಗಿ ಡೈನೋಸಾರ್‌ಗಳಿದ್ದ ಕ್ರಿಟೇಷಿಯಸ್ ಯುಗ 14.5 ಕೋಟಿ ವರ್ಷದ ಹಿಂದೆ ಶುರುವಾಯಿತು ಎನ್ನುವುದು ಊಹೆ, ಭೂಮಿಗೆ 6,000 ವರ್ಷ" ಎಂಬ ಸೃಷ್ಟಿವಾದಿಗಳ (ದೇವರೇ ಜಗತ್ತನ್ನು ನೇರವಾಗಿ ಸೃಷ್ಟಿಸಿದ ಎನ್ನುವವರ) ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಅದರಲ್ಲಿ ಮೊದಲ ಭಾಗ ಮಾತ್ರ ಸರಿ. ಬಂಡೆಗೆ ಕಾರ್ಬನ್ ಡೇಟಿಂಗ್ ಯಾರೂ ಮಾಡುವುದಿಲ್ಲ.

ಬಂಡೆಗೆ ಬಳಸುವುದು ಅದರೊಳಗಿನ ಜಿರ್ಕಾನ್ ಎಂಬ ಗಟ್ಟಿ ಖನಿಜದ ಸಣ್ಣ ಹರಳು. ಕ್ವಾರಿಯಿಂದ ಹೊಸದಾಗಿ ಒಡೆದ ಕೆಲವು ಕಿಲೋ ಕಲ್ಲು ಬೇಕು. ಜಂಬಿಟ್ಟಿಗೆಯಾಗಿ ಕೊಳೆತದ್ದು ಬೇಡ. ಪುಡಿಮಾಡಿ, ಅಯಸ್ಕಾಂತ ಮತ್ತು ಭಾರದ್ರವದಿಂದ ಬೇರ್ಪಡಿಸಿ, ಹರಳುಗಳನ್ನು ಸೂಕ್ಷ್ಮದರ್ಶಕದಡಿ ಆರಿಸುತ್ತಾರೆ. ಯುರೇನಿಯಂ ಕಾಲ ಕಳೆದಂತೆ ಗೊತ್ತಾದ ವೇಗದಲ್ಲಿ ಕ್ಷಯಿಸಿ ಸೀಸವಾಗುತ್ತದೆ, ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಗುತ್ತದೆ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಪಾಲು ಹೊರಗಿಡುತ್ತದೆ. ಆದ್ದರಿಂದ "ಸೀಸ ಮೊದಲೇ ಇದ್ದಿರಬಹುದು" ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಒಂದೇ ಹರಳಿನಲ್ಲಿ ಎರಡು ಗಡಿಯಾರ: ಯುರೇನಿಯಂ 238ರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 447 ಕೋಟಿ ವರ್ಷ, 235ರದ್ದು 70 ಕೋಟಿ. ಸೀಸ ಸೋರಿದ್ದರೆ ಎರಡೂ ಬೇರೆ ಬೇರೆ ವಯಸ್ಸು ತೋರಿಸಿ ತಪ್ಪನ್ನು ತಾವೇ ಹೇಳುತ್ತವೆ.

"ಹಿಂದೆ ಕ್ಷಯ ವೇಗವಾಗಿತ್ತು" ಎಂದರೆ? ಆ ಶಾಖಕ್ಕೆ ನೆಲವೇ ಕರಗಬೇಕಿತ್ತು. ಈ ತೊಡಕನ್ನು ಸೃಷ್ಟಿವಾದಿ ಸಂಶೋಧಕರೇ ಒಪ್ಪಿದ್ದಾರೆ. ಎಲ್ಲ ಸೃಷ್ಟಿವಾದಿಗಳೂ 6,000 ಎನ್ನುವುದಿಲ್ಲ, ಭೂಮಿ ಹಳೆಯದೆಂದು ಒಪ್ಪುವವರೂ ಇದ್ದಾರೆ.

ಯಾಣದ ಸುಣ್ಣಕಲ್ಲಿಗೆ ಈ ವಿಧಾನ ನೇರವಾಗಿ ಒಗ್ಗದು. ಅಂಥ ಪದರಗಳಿಗೆ ಮೇಲೆ-ಕೆಳಗಿನ ಜ್ವಾಲಾಮುಖಿ ಬೂದಿಯಿಂದ ಗಡಿ ಹಾಕುತ್ತಾರೆ. ಇನ್ನು ಕಾರವಾರ ಸೀಮೆಯ ಹಳೆಯ ನೈಸ್ ಶಿಲೆಗೆ 250 ಕೋಟಿ ವರ್ಷಕ್ಕಿಂತ ಹೆಚ್ಚು. ಅದರಲ್ಲಿ ಡೈನೋಸಾರ್ ಮೂಳೆ ಹುಡುಕಿ ಫಲವಿಲ್ಲ.