ಸೆನ್ಸರ್ ತೋರಿಸಿದ್ದು ನೈಟ್ರಿಕ್ ಆಕ್ಸೈಡೇನಾ?

ಪ್ರಶ್ನೆ: ನಾನು ಕೋಲಾರದ ಎಂ.ಎಸ್ಸಿ. ವಿದ್ಯಾರ್ಥಿನಿ. ರಕ್ತನಾಳದ ಒಳಪದರದ ಜೀವಕೋಶಗಳಿಂದ ಬರುವ ನೈಟ್ರಿಕ್ ಆಕ್ಸೈಡನ್ನು ಕಾರ್ಬನ್ ಫೈಬರ್ ಎಲೆಕ್ಟ್ರೋಡ್‌ನಲ್ಲಿ ಅಳೆಯುತ್ತಿದ್ದೇನೆ. ಈ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಬಿಡುವಂತೆ ಪ್ರಚೋದಿಸುವ ಬ್ರಾಡಿಕೈನಿನ್ ಹಾಕಿದ ಕೂಡಲೇ ಕರೆಂಟ್ ಏರುತ್ತದೆ. ಅದು ನೈಟ್ರೈಟ್ ಯಾಕಿರಬಾರದು ಅಂತ ಗೈಡ್ ಕೇಳುತ್ತಾರೆ. ಗ್ರೀಸ್ (Griess) ಎಂಬ ಬಣ್ಣದ ಪರೀಕ್ಷೆ ಮಾಡಿ ತೋರಿಸಿದರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಗ್ರೀಸ್ ಪರೀಕ್ಷೆ ಅಳೆಯುವುದೇ ನೈಟ್ರೈಟನ್ನು! ನೈಟ್ರಿಕ್ ಆಕ್ಸೈಡ್ ಆಮ್ಲಜನಕದ ಜೊತೆ ಸೇರಿ ಮುಗಿದ ಮೇಲೆ ಉಳಿಯುವುದು ಅದು. ಅಂಗಾಂಶದಲ್ಲಿ ಈ ಅನಿಲ ಕೆಲವು ಸೆಕೆಂಡು ಮಾತ್ರ ಇರುತ್ತದೆ. ಆ ಹೊತ್ತಿನ ಏರಿಳಿತ ಹಿಡಿಯಲು ಸೆನ್ಸರೇ ಬೇಕು.

ನಿಮ್ಮ ಗೈಡ್ ಅನುಮಾನಕ್ಕೆ ಕಾರಣವಿದೆ. ವೋಲ್ಟೇಜನ್ನು ಹೋಲಿಸಲು ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ ಇಟ್ಟುಕೊಂಡು ನೋಡಿದರೆ, ನೈಟ್ರಿಕ್ ಆಕ್ಸೈಡನ್ನು ಸಾಮಾನ್ಯವಾಗಿ 0.8ರಿಂದ 0.9 ವೋಲ್ಟ್‌ನಲ್ಲಿ ಅಳೆಯುತ್ತಾರೆ. ಅಷ್ಟು ವೋಲ್ಟೇಜ್ ಕೊಟ್ಟರೆ ನೈಟ್ರೈಟ್, ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ; ದ್ರಾವಣದಲ್ಲಿ ಆಸ್ಕಾರ್ಬೇಟ್), ಡೋಪಮೈನ್ ಕೂಡ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಮೀಟರ್‌ಗೆ ಎಲ್ಲವೂ ಕರೆಂಟೇ.

ಅದಕ್ಕೇ ಎಲೆಕ್ಟ್ರೋಡ್ ಮೇಲೆ ನಾಫಿಯಾನ್ ಎಂಬ ಪಾಲಿಮರ್‌ನ ಲೇಪ. ಅದಕ್ಕೆ ಋಣ ಚಾರ್ಜ್ ಇದೆ, ನೈಟ್ರೈಟನ್ನೂ ಆಸ್ಕಾರ್ಬೇಟನ್ನೂ ದೂರ ತಳ್ಳುತ್ತದೆ. ಚಾರ್ಜ್ ಇಲ್ಲದ ನೈಟ್ರಿಕ್ ಆಕ್ಸೈಡ್ ಒಳಗೆ ಹೋಗುತ್ತದೆ. ಆದರೆ ಧನ ಚಾರ್ಜಿನ ಡೋಪಮೈನನ್ನು ಇದೇ ಲೇಪ ಹತ್ತಿರ ಕರೆಯುತ್ತದೆ. ಮುಂದೆ ಮಿದುಳಿನ ಅಂಗಾಂಶದಲ್ಲಿ ಕೆಲಸ ಮಾಡುವುದಾದರೆ, ಡೋಪಮೈನನ್ನೂ ತಡೆಯಲು ಮೇಲೆ ಆರ್ಥೋ-ಫಿನಿಲೀನ್‌ಡೈಅಮೀನ್ ಪದರವನ್ನೂ ಬೆಳೆಸಿಕೊಳ್ಳಿ.

ಲೇಪ ಹಚ್ಚಿದ್ದೇವೆ ಅಂತ ಸುಮ್ನೆ ನಂಬಬೇಡಿ. ಜೀವಕೋಶ ಇಡುವ ಮೊದಲು 100 ಮೈಕ್ರೋಮೋಲಾರ್ ನೈಟ್ರೈಟ್ ಹಾಕಿ. ಕರೆಂಟ್ ಅಲುಗಾಡಬಾರದು. ಆಮೇಲೆ 1 ಮೈಕ್ರೋಮೋಲಾರ್ ನೈಟ್ರಿಕ್ ಆಕ್ಸೈಡ್ ಹಾಕಿ, ಸ್ಪಷ್ಟ ಏರಿಕೆ ಕಾಣಬೇಕು. ಈ ಎಲೆಕ್ಟ್ರೋಡ್‌ಗಳಿಗೆ ಬಿಸಿ-ತಂಪಿನ ವ್ಯತ್ಯಾಸ ಬೇಗ ತಟ್ಟುತ್ತದೆ. ಹಾಗಾಗಿ ಕ್ಯಾಲಿಬ್ರೇಷನ್ನೂ ಪ್ರಯೋಗವೂ ಒಂದೇ ತಾಪಮಾನದಲ್ಲಿ, ಒಂದೇ ಬಫರ್‌ನಲ್ಲಿ ಆಗಲಿ. ಫಿನಾಲ್ ರೆಡ್ ಎಂಬ ಬಣ್ಣದ ಸೂಚಕ ಇರುವ ಮೀಡಿಯಂ (ಜೀವಕೋಶ ಬೆಳೆಸುವ ದ್ರವ) ಬೇಡ.

ಗೈಡ್‌ಗೆ ತೋರಿಸಬೇಕಾದ ನಿಜವಾದ ಸಾಕ್ಷಿ ಎಲ್-ನೇಮ್. ನೈಟ್ರಿಕ್ ಆಕ್ಸೈಡ್ ತಯಾರಿಸುವ ಎನ್‌ಜೈಮನ್ನೇ ಅದು ತಡೆಯುತ್ತದೆ. ಮೊದಲೇ ಅದನ್ನು ಕೊಟ್ಟು, ಆಮೇಲೆ ಬ್ರಾಡಿಕೈನಿನ್ ಹಾಕಿ. ಏರಿಕೆ ಮಾಯವಾದರೆ ನಿಮ್ಮ ಮಾತು ಗೆದ್ದಿತು. ಹಾಗೇ ಉಳಿದರೆ, ಜೀವಕೋಶವಿಲ್ಲದ ಬಟ್ಟಲಿಗೆ ಬ್ರಾಡಿಕೈನಿನ್ ಹಾಕಿ ನೋಡಿ. ಎಷ್ಟೋ ಸಲ ದ್ರವ ಸುರಿದಾಗ ಆಗುವ ಕಲಕಾಟವೇ ಸಿಗ್ನಲ್ ಥರ ಕಾಣುತ್ತದೆ.

ಗ್ರೀಸ್ ಪರೀಕ್ಷೆಯನ್ನು ಪೂರಕವಾಗಿ ಇಟ್ಟುಕೊಳ್ಳಿ, ತಪ್ಪಿಲ್ಲ. ಆದರೆ ನಿಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಜಾಸ್ತಿ. ನೈಟ್ರೇಟನ್ನು ನೈಟ್ರೈಟ್ ಮಾಡಿ ಅಳೆಯುವ ವಿಧಾನವಾದರೆ, ಗಾಜಿನ ಸಾಮಾನನ್ನು ಕೊನೆಗೆ ಡೀಅಯಾನೈಸ್ಡ್ ನೀರಿನಲ್ಲೇ ಜಾಲಿಸಿ.