ಓದುಗರ ಪ್ರಶ್ನೆ, ನಮ್ಮ ಉತ್ತರ: ಅಜ್ಜಿಯ ಡಬ್ಬಿಯ ನಾಣ್ಯಗಳು

ಕೊಡಗಿನ ಬೇರೆ ಬೇರೆ ಊರುಗಳಿಂದ ನಾಣ್ಯ ಸಂಗ್ರಹದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಪದವಿ ತರಗತಿಯ ವಿದ್ಯಾರ್ಥಿನಿ. ಅಜ್ಜಿಯ ಎಲೆ ಅಡಿಕೆ ಡಬ್ಬಿಯಲ್ಲಿ ತೂತು ಕಾಸು, ಚೌಕದ ಎರಡಾಣೆ, ರಾಜನ ತಲೆಯಿರುವ ರೂಪಾಯಿ ಮತ್ತು ಕೆಲವು ನಯಾ ಪೈಸೆಗಳು ಸಿಕ್ಕಿವೆ. ನಾಣ್ಯ ಸಂಗ್ರಹವನ್ನು ಕ್ರಮವಾಗಿ ಕಲಿಯಬೇಕೆಂಬ ಆಸೆಯಿದೆ. ಇಲ್ಲಿ ಹೇಳಿಕೊಡುವವರು ಯಾರೂ ಇಲ್ಲ, ಕೊಳ್ಳಲು ಹಣವೂ ಇಲ್ಲ. ಎಲ್ಲಿಂದ ಆರಂಭಿಸಲಿ?
(ಗೋಣಿಕೊಪ್ಪ)

ಉತ್ತರ: ಹಣವಿಲ್ಲದಿರುವುದು ಸದ್ಯಕ್ಕೆ ನಿಮಗೆ ಅನುಕೂಲವೇ ಆಗಿದೆ. ಹೊಸಬರು ಸಾಮಾನ್ಯವಾಗಿ ಮೊದಲು ಕೊಳ್ಳುತ್ತಾರೆ, ಆಮೇಲೆ ಕಲಿಯುತ್ತಾರೆ. ಕಲಿತ ಮೇಲೆ, ಕೊಂಡದ್ದರಲ್ಲಿ ಹೆಚ್ಚಿನದನ್ನು ಯಾರಿಗೂ ತೋರಿಸಲು ಅವರಿಗೆ ಮನಸ್ಸಾಗುವುದಿಲ್ಲ. ನಿಮ್ಮ ಅಜ್ಜಿಯ ಡಬ್ಬಿಯಲ್ಲಿರುವಷ್ಟೇ ಮೊದಲ ವರ್ಷದ ಪಾಠಕ್ಕೆ ಸಾಕು.

ಒಂದು ಭೂತಗನ್ನಡಿ, ಚಿಕ್ಕದೊಂದು ಅಯಸ್ಕಾಂತ ಮತ್ತು ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ತೂಕಕ್ಕೆ ಪರಿಚಯದ ಅಕ್ಕಸಾಲಿಗರ ತಕ್ಕಡಿ ಸಾಕು. ಮೊದಲು ರೂಪಾಯಿಯನ್ನು ಅಂಚು ಹಿಡಿದು ಎತ್ತಿಕೊಳ್ಳಿ. ಮುಖವನ್ನು ಬೆರಳಿನಿಂದ ಮುಟ್ಟಬೇಡಿ. ಇಸವಿ ಯಾವುದು, ರಾಜ ಯಾರು, ಅಂಚಿನಲ್ಲಿ ಗೀರುಗಳು ಸಮವಾಗಿವೆಯೇ ಎಂದು ನೋಡಿ ಬರೆದುಕೊಳ್ಳಿ. ಐದನೆಯ ಜಾರ್ಜನ ರೂಪಾಯಿಯಾಗಿದ್ದರೆ ಹಿಂಬದಿಯಲ್ಲಿ ಕೆಳಗಿರುವ ಹೂವಿನ ಅಡಿಯನ್ನು ಭೂತಗನ್ನಡಿಯಲ್ಲಿ ಹುಡುಕಿ. ಅಲ್ಲಿ ಉಬ್ಬಿದ ಸಣ್ಣ ಚುಕ್ಕೆಯಿದ್ದರೆ ಆ ನಾಣ್ಯ ಮುಂಬೈ ಟಂಕಸಾಲೆಯದು, ಇಲ್ಲದಿದ್ದರೆ ಕಲ್ಕತ್ತದ್ದು. ಇನ್ನು ತೂಕ. ಬೆಳ್ಳಿ ರೂಪಾಯಿ 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ ಇರಬೇಕು. ಕೈಯಿಂದ ಕೈಗೆ ಓಡಾಡಿ ಸವೆದಿದ್ದರೆ ತುಸು ಕಡಿಮೆಯಾಗುತ್ತದೆ, ಆದರೆ ಒಂದೆರಡು ಗ್ರಾಂನಷ್ಟು ವ್ಯತ್ಯಾಸ ಬಂದರೆ ಅನುಮಾನಿಸಬೇಕು. ಅಯಸ್ಕಾಂತವು ಬೆಳ್ಳಿಯನ್ನು ಸೆಳೆಯುವುದಿಲ್ಲ. ಹಿಂಬದಿಯಲ್ಲಿ ಹುಲಿಯಿರುವ 1947ರ ರೂಪಾಯಿಯನ್ನು ಮಾತ್ರ ಥಟ್ಟನೆ ಎಳೆದುಕೊಳ್ಳುತ್ತದೆ, ಏಕೆಂದರೆ ಅದು ನಿಕ್ಕಲ್ಲಿನದು. ಯುದ್ಧಕಾಲದಲ್ಲಿ ಬೆಳ್ಳಿಯ ಅಭಾವ ಉಂಟಾಗಿ 1940ರಲ್ಲಿ ರೂಪಾಯಿಯ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು, ಕೊನೆಗೆ ಪೂರ್ತಿ ಕೈಬಿಟ್ಟರು. ನಿಮ್ಮ ತೂತು ಕಾಸು ಕೂಡ ಅದೇ ಕಷ್ಟದ ಕೂಸು: ಲೋಹ ಉಳಿಸಲೆಂದು 1943ರಲ್ಲಿ ನಡುವೆ ರಂಧ್ರವಿಟ್ಟು ಅಚ್ಚು ಹಾಕಿದರು.

ನಾಣ್ಯದ ಪಕ್ಕದಲ್ಲಿ ಊರಿನ ಚರಿತ್ರೆಯನ್ನೂ ಇಟ್ಟು ಓದಿ. ಒಣ ಇಸವಿಗಳು ಆಗ ಮನಸ್ಸಿನಲ್ಲಿ ನಿಲ್ಲುತ್ತವೆ. ಕಂಪನಿ ಸರಕಾರ 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕೊಡಗನ್ನು ತನ್ನ ಆಳ್ವಿಕೆಗೆ ತೆಗೆದುಕೊಂಡಿತು. ಮರುವರ್ಷವೇ ಕಂಪನಿಯ ಪ್ರಾಂತ್ಯಗಳಿಗೆಲ್ಲ ಒಂದೇ ತೂಕದ, ಒಂದೇ ಅಚ್ಚಿನ ರೂಪಾಯಿ ಬಂತು. ಕೊಡಗು ರಾಜ್ಯ ಮೈಸೂರಿನೊಡನೆ ಸೇರಿದ್ದು 1956ರ ನವೆಂಬರ್ 1ರಂದು. ಅದಾದ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ಆಣೆ ಹೋಗಿ ನಯಾ ಪೈಸೆ ಬಂತು. ನಿಮ್ಮ ಅಜ್ಜಿಯ ಕಾಲದವರು ಇವೆರಡು ಬದಲಾವಣೆಗಳನ್ನೂ ಒಂದೇ ವರ್ಷದೊಳಗೆ ಕಂಡವರು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯಾದಾಗ ನಾಲ್ಕಾಣೆ ಸರಿಯಾಗಿ 25 ಪೈಸೆಗೆ ಕೂತಿತು, ಆದರೆ ಒಂದಾಣೆಗೆ ಆರೂಕಾಲು ಪೈಸೆ ಎಂಬ ತೊಡಕು ಉಳಿಯಿತು. ಜನರಿಗೆ ಲೆಕ್ಕ ತಿಳಿಯಲೆಂದು ಒಂದು ನಯಾ ಪೈಸೆಯ ಮೇಲೆ ‘ರೂಪಾಯಿಯ ನೂರನೆಯ ಭಾಗ’ ಎಂದು ಹಿಂದಿಯಲ್ಲಿ ಅಚ್ಚು ಹಾಕಿರುವುದನ್ನು ನಿಮ್ಮ ಡಬ್ಬಿಯಲ್ಲೇ ನೋಡಬಹುದು. ಆಗ ಅಂಗಡಿಯಲ್ಲಿ ಚಿಲ್ಲರೆ ಹೇಗೆ ಕೊಡುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದು ಯಾವ ಕ್ಯಾಟಲಾಗಿನಲ್ಲೂ ಸಿಗುವುದಿಲ್ಲ.

ಸಂಗ್ರಹಕ್ಕೆ ಒಂದು ಎಲ್ಲೆ ಹಾಕಿಕೊಳ್ಳುವುದು ಇದರ ನಂತರದ ಕೆಲಸ. ‘ಎಲ್ಲ ದೇಶದ, ಎಲ್ಲ ಕಾಲದ ನಾಣ್ಯ’ ಎಂದು ಹೊರಟವರು ಯಾವುದನ್ನೂ ಅರಿಯದೆ ದಣಿಯುತ್ತಾರೆ. ನಯಾ ಪೈಸೆಗಳ ಸರಣಿಯೊಂದನ್ನೇ ಹಿಡಿಯಿರಿ ಎಂಬುದು ನನ್ನ ಸಲಹೆ. ಅದು ಅಗ್ಗ, ಸಂಬಂಧಿಕರ ಮನೆಗಳಲ್ಲಿ ಕೇಳಿದರೂ ಸಿಗುತ್ತದೆ, ‘ನಯಾ’ ಎಂಬ ಪದವನ್ನು 1964ರ ಜೂನ್‌ನಲ್ಲಿ ಕೈಬಿಟ್ಟಿದ್ದರಿಂದ ಅದಕ್ಕೆ ಆರಂಭವೂ ಅಂತ್ಯವೂ ಇದೆ. ಇಸವಿಯ ಕೆಳಗಿನ ಗುರುತನ್ನು ನೋಡಿ ಟಂಕಸಾಲೆಯನ್ನು ಬೇರ್ಪಡಿಸುವ ಅಭ್ಯಾಸ ಇಲ್ಲೇ ಆಗುತ್ತದೆ: ಗುರುತಿಲ್ಲದಿದ್ದರೆ ಕೋಲ್ಕತ್ತ, ವಜ್ರಾಕೃತಿಯಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್. ದುಂಡು ಚುಕ್ಕೆ ಇಂದು ನೊಯ್ಡಾದ ಗುರುತು. ಆದರೆ ಆ ಟಂಕಸಾಲೆ ಆರಂಭವಾದದ್ದು 1988ರಲ್ಲಿ, ಆದ್ದರಿಂದ ಅರವತ್ತರ ದಶಕದ ನಾಣ್ಯದಲ್ಲಿ ಚುಕ್ಕೆ ಕಂಡು ನೊಯ್ಡಾ ಎಂದು ಬರೆದುಕೊಳ್ಳಬೇಡಿ.

ಓದುವುದಕ್ಕೆ ದುಡ್ಡು ಬೇಕಿಲ್ಲ. ನ್ಯೂಮಿಸ್ಟಾ ಎಂಬ ಅಂತರ್ಜಾಲ ಕ್ಯಾಟಲಾಗ್ ಉಚಿತವಾಗಿದ್ದು, ಅದರಲ್ಲಿ ಲೋಹ, ತೂಕ, ವ್ಯಾಸ ಎಲ್ಲ ಸಿಗುತ್ತವೆ. ಅದಕ್ಕಿಂತ ಹೆಚ್ಚು ಕಲಿಸುವುದು ಹರಾಜು ಸಂಸ್ಥೆಗಳ ಹಳೆಯ ಕ್ಯಾಟಲಾಗುಗಳು. ಒಂದೇ ನಾಣ್ಯ ಸವೆದ ಸ್ಥಿತಿಯಲ್ಲಿ ಎಷ್ಟಕ್ಕೆ ಹೋಯಿತು, ಅಚ್ಚಿನ ಹೊಳಪು ಮಾಸದ ಸ್ಥಿತಿಯಲ್ಲಿ ಎಷ್ಟಕ್ಕೆ ಹೋಯಿತು ಎಂಬುದನ್ನು ಚಿತ್ರಸಹಿತ ಹೋಲಿಸಿ ನೋಡಿದರೆ, ಬೆಲೆಯನ್ನು ನಿರ್ಧರಿಸುವುದು ವಯಸ್ಸಲ್ಲ, ಸ್ಥಿತಿ ಮತ್ತು ವಿರಳತೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. 1911ರ ರೂಪಾಯಿ ಇದಕ್ಕೆ ಒಳ್ಳೆಯ ನಿದರ್ಶನ. ಐದನೆಯ ಜಾರ್ಜನ ನಿಲುವಂಗಿಯ ಮೇಲಿದ್ದ ಆನೆಯ ಸೊಂಡಿಲು ಮೊಟಕಾಗಿ, ಅದು ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ ಸರಕಾರ ಆ ನಾಣ್ಯವನ್ನು ಹಿಂದೆಗೆದುಕೊಂಡು, 1912ರಲ್ಲಿ ಆನೆಯನ್ನು ತಿದ್ದಿ ಬೇರೆ ಅಚ್ಚು ಮಾಡಿಸಿತು. ಮುದ್ರಿಸಿದ್ದು ಸುಮಾರು 94 ಲಕ್ಷ, ಜನರ ಕೈಗೆ ಬಂದದ್ದು ಸುಮಾರು 7 ಲಕ್ಷ ಮಾತ್ರ. ಅದಕ್ಕಿಂತ ಎಪ್ಪತ್ತು ವರ್ಷ ಹಳೆಯದಾದ 1840ರ ವಿಕ್ಟೋರಿಯಾ ರೂಪಾಯಿ ಈಗಲೂ ಬೇಕಾದಷ್ಟು ಸಿಗುತ್ತದೆ.

ಪ್ರಶ್ನೆ: ಕನ್ನಡ ಅಕ್ಷರಗಳಿರುವ ಹಳೆಯ ನಾಣ್ಯಗಳಿವೆಯೇ? ನಮಗೆ ಪರ್ಷಿಯನ್ ಬಾರದು; ಟಿಪ್ಪುವಿನ ನಾಣ್ಯಗಳನ್ನು ಗುರುತಿಸುವುದು ಹೇಗೆ?
(ಕುಶಾಲನಗರ)

ಉತ್ತರ: ಧಾರಾಳವಾಗಿವೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಳಂಬವಾಡಿಗೊಂಡ’ ಎಂಬ ಬಿರುದುಗಳು ಹಳಗನ್ನಡ ಲಿಪಿಯಲ್ಲಿವೆ. ಅವು ಕೊಳ್ಳುವ ಮಾತಲ್ಲ, ವಸ್ತುಸಂಗ್ರಹಾಲಯದಲ್ಲಿ ನೋಡುವಂಥವು. ಕೈಗೆಟುಕುವುದು ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು. ಅದರ ಮೇಲೆ ‘ಮಯಿಲಿ ಕಾಸು’ ಎಂಬ ಕನ್ನಡ ಬರಹವೂ ಇಂಗ್ಲಿಷಿನಲ್ಲಿ ಅದರ ಮೌಲ್ಯವೂ ಇರುತ್ತವೆ.

ಟಿಪ್ಪುವಿನ ಆನೆ ಕಾಸುಗಳಿಗೆ ಭಾಷೆ ಬರಬೇಕಿಲ್ಲ, ಪರ್ಷಿಯನ್ ಲಿಪಿಯ ಹತ್ತು ಅಂಕಿಗಳು ಬಂದರೆ ಸಾಕು. ಅದು ಒಂದು ಸಂಜೆಯ ಕೆಲಸ. ಆದರೆ ಒಂದು ಚಮತ್ಕಾರವಿದೆ. ಟಿಪ್ಪು ತನ್ನ ಆಳ್ವಿಕೆಯ ನಡುವೆ ಮೌಲೂದಿ ಎಂಬ ಹೊಸ ಶಕವನ್ನು ಜಾರಿಗೆ ತಂದು, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215ನೆಯ ವರ್ಷ ನಾಣ್ಯದ ಮೇಲೆ 5121 ಎಂಬಂತೆ ಕಾಣುತ್ತದೆ. ಅದು ನಮ್ಮ ಲೆಕ್ಕದಲ್ಲಿ 1787ರ ಆಸುಪಾಸು. ಆನೆ ಯಾವ ಕಡೆಗೆ ಮುಖ ಮಾಡಿದೆ, ಸೊಂಡಿಲು ಎತ್ತಿದೆಯೇ ಇಳಿಸಿದೆಯೇ ಎಂಬುದನ್ನೂ ಗುರುತು ಮಾಡಿಕೊಳ್ಳಿ. ನಾಡಿನ ನಾಣ್ಯಗಳನ್ನು ಆಳವಾಗಿ ಓದಬೇಕೆಂದರೆ ಪ್ರೊ. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆ ಬರೆದ ಗ್ರಂಥವನ್ನು ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ. ಘಟ್ಟ ಇಳಿದಾಗ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವನ್ನೂ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹಿಂದೆ ಆರಂಭಿಸಿದ ಪರಂಪರಾ ಸಂಗ್ರಹಾಲಯವನ್ನೂ ನೋಡಬಹುದು.

ಪ್ರಶ್ನೆ: ನಮ್ಮ ಅತ್ತೆಯವರಿಂದ ಬಂದ ಕೊರಳ ಒಡವೆ ಪತ್ತಾಕ್‌ನಲ್ಲಿ ರಾಣಿಯ ಮುಖವಿರುವ ಚಿನ್ನದ ನಾಣ್ಯ ಕೂರಿಸಿದ್ದಾರೆ. ಅದನ್ನು ಬಿಡಿಸಿ ಮಾರಿದರೆ ಹೆಚ್ಚು ಬೆಲೆ ಬರುತ್ತದೆಂದು ಒಬ್ಬರು ಹೇಳಿದರು. ಹಾಗೆಯೇ, ತಾಮ್ರದ ಕಾಸುಗಳನ್ನು ಕಾಚಂಪುಳಿಯಲ್ಲಿ ತೊಳೆಯಬಹುದೇ?
(ನಾಪೋಕ್ಲು)

ಉತ್ತರ: ಎರಡಕ್ಕೂ ಉತ್ತರ ಒಂದೇ: ಬೇಡ ತಾಯಿ. ಪತ್ತಾಕ್‌ನಲ್ಲಿರುವುದು ಹೆಚ್ಚಾಗಿ ಬ್ರಿಟಿಷ್ ಪವನು, ಅಂದರೆ ಸಾವರಿನ್ ಎಂಬ ಚಿನ್ನದ ನಾಣ್ಯ. ಅದರ ತೂಕ 7.98 ಗ್ರಾಂ, 22 ಕ್ಯಾರೆಟ್ ಚಿನ್ನ. ಒಮ್ಮೆ ಬೆಸುಗೆ ಹಾಕಿದ ಅಥವಾ ಅಂಚು ತಟ್ಟಿ ಕೂರಿಸಿದ ನಾಣ್ಯಕ್ಕೆ ಸಂಗ್ರಾಹಕರು ಚಿನ್ನದ ಬೆಲೆಗಿಂತ ಹೆಚ್ಚೇನೂ ಕೊಡುವುದಿಲ್ಲ. ಬಿಡಿಸಿದರೆ ನಾಣ್ಯವೂ ಕೆಡುತ್ತದೆ, ಕೆಂಪುಗಳನ್ನು ಕೂರಿಸಿದ ನಾಗರ ಹೆಡೆಯ ಒಡವೆಯೂ ಕೆಡುತ್ತದೆ. ಕುತೂಹಲಕ್ಕೆ ಬೇಕಾದರೆ ಇಸವಿ ನೋಡಿ. ನಿಮ್ಮದರಲ್ಲಿರುವುದು ರಾಣಿ; ಬೇರೆ ಯಾರ ಬಳಿಯಾದರೂ ಇರುವುದು ಐದನೆಯ ಜಾರ್ಜನ 1918ರ ಪವನಾಗಿದ್ದು, ಕುದುರೆಯ ಕಾಲ ಕೆಳಗಿನ ನೆಲದ ಮೇಲೆ ಇಂಗ್ಲಿಷಿನ ‘ಐ’ ಅಕ್ಷರವಿದ್ದರೆ, ಅದು ಮುಂಬೈಯಲ್ಲಿ ಅಚ್ಚಾದದ್ದು. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದಲ್ಲಿ ಆ ಗುರುತಿನ ಪವನು ತಯಾರಾದದ್ದು ಆ ಒಂದೇ ಇಸವಿಯಲ್ಲಿ.

ಕಾಚಂಪುಳಿ ಪಂದಿಕರಿಗೆ ಇರಲಿ. ಅದೂ ಹುಣಸೆಯೂ ನಿಂಬೆಯೂ ಆಮ್ಲಗಳೇ. ತಾಮ್ರದ ಮೇಲೆ ಹತ್ತಾರು ವರ್ಷಗಳಲ್ಲಿ ಕೂತ ಕಂದು ಪದರವನ್ನು ಅವು ತಿಂದುಹಾಕಿ, ಕೆಂಪಗೆ ಹಸಿಯಾದ ಲೋಹವನ್ನು ತೋರಿಸುತ್ತವೆ. ನೋಡಲು ಹೊಸದಾಗಿ ಕಂಡರೂ ಅಚ್ಚಿನ ಸೂಕ್ಷ್ಮ ಗೆರೆಗಳು ಮಾಸುತ್ತವೆ. ಬಲ್ಲವರು ಅಂಥ ನಾಣ್ಯವನ್ನು ದೂರದಿಂದಲೇ ಗುರುತಿಸಿ ಪಕ್ಕಕ್ಕಿಡುತ್ತಾರೆ. ವಿಭೂತಿ, ಟೂತ್‌ಪೇಸ್ಟ್, ಹಿತ್ತಾಳೆ ಪಾಲಿಶ್ ಯಾವುದೂ ಬೇಡ. ಮಣ್ಣು ಮೆತ್ತಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಉಜ್ಜದೆ, ಹತ್ತಿ ಬಟ್ಟೆಯಿಂದ ಒತ್ತಿ ಆರಿಸಿ.

ಪ್ರಶ್ನೆ: ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಹತ್ತು ಲಕ್ಷ ಕೊಡುತ್ತೇವೆ, ಮೊದಲು ರಿಸರ್ವ್ ಬ್ಯಾಂಕಿನ ಶುಲ್ಕ ಕಟ್ಟಿ ಎಂದು ಫೋನ್ ಬಂದಿದೆ. ಕಟ್ಟಲೇ? ನನ್ನಲ್ಲಿ ರಾಮ ಸೀತೆಯರ ಚಿತ್ರದ 1818ರ ಕಂಪನಿ ನಾಣ್ಯವೂ ಇದೆ.
(ಸೋಮವಾರಪೇಟೆ)

ಉತ್ತರ: ಒಂದು ಪೈಸೆಯನ್ನೂ ಕಟ್ಟಬೇಡಿ. ಅದು 2012ರಲ್ಲಿ ಚಲಾವಣೆಗೆ ಬಂದ ಸಾಮಾನ್ಯ ಸ್ಮರಣಾರ್ಥ ನಾಣ್ಯ. ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯ, ನೋಟುಗಳ ವ್ಯವಹಾರಕ್ಕೆ ಶುಲ್ಕ ಅಥವಾ ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿ, ಅಂಥ ವ್ಯವಹಾರದಲ್ಲಿ ತಾನಿಲ್ಲವೆಂದು ಸ್ಪಷ್ಟಪಡಿಸಿದೆ. ಫೋನ್ ಸಂಖ್ಯೆಯನ್ನು ಪೊಲೀಸರಿಗೆ ಕೊಡಿ. ದೇವರ ಚಿತ್ರವಿರುವ 1818ರ ಅರ್ಧಾಣೆಯನ್ನು ಕಂಪನಿ ಎಂದೂ ಹೊರಡಿಸಿಲ್ಲ. ಅವು ನಂತರದ ಕಾಲದಲ್ಲಿ ಯಾತ್ರಾಸ್ಥಳಗಳಲ್ಲಿ ಮಾರಾಟಕ್ಕೆಂದು ಮಾಡಿದ ಬಿಲ್ಲೆಗಳು. ದೇವರ ಮನೆಯಲ್ಲಿಡಲು ಅಡ್ಡಿಯಿಲ್ಲ. ಅವು ಅಕ್ಕಿ ಕಾಳನ್ನು ಸೆಳೆಯುತ್ತವೆ ಎಂದು ಯಾರಾದರೂ ಬಂದರೆ ಅಂಗಳದಿಂದಲೇ ಕಳಿಸಿಬಿಡಿ.

ಪ್ರಶ್ನೆ: ಕಾಫಿ ಗಿಡಕ್ಕೆ ಗುಂಡಿ ತೋಡುವಾಗ ಆಳುಗಳಿಗೆ ಮಣ್ಣಿನ ಕುಡಿಕೆಯಲ್ಲಿ ಸಣ್ಣ ನಾಣ್ಯಗಳು ಸಿಕ್ಕಿವೆ. ತೋಟ ನಮ್ಮದೇ. ಇಟ್ಟುಕೊಳ್ಳಬಹುದೇ?
(ವಿರಾಜಪೇಟೆ)

ಉತ್ತರ: ತೋಟ ನಿಮ್ಮದಾದರೂ ನೆಲದಡಿಯ ನಿಧಿಗೆ ಬೇರೆಯೇ ಕಾನೂನಿದೆ. ನಮ್ಮ ರಾಜ್ಯದ 1962ರ ನಿಧಿ ಕಾಯ್ದೆ ಅದಕ್ಕೆಂದೇ ಇದೆ. ಸಿಕ್ಕಿದ ವಿಷಯವನ್ನು ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಬೇಕು, ಮುಚ್ಚಿಡುವುದು ಅಪರಾಧ. ಹಾಗೆಯೇ ನೂರು ವರ್ಷ ದಾಟಿದ ನಾಣ್ಯಗಳು 1972ರ ಕಾಯ್ದೆಯಂತೆ ಪುರಾತನ ವಸ್ತುಗಳಾದ್ದರಿಂದ ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಜಿಲ್ಲಾಧಿಕಾರಿಗೆ ತಿಳಿಸುವ ಮೊದಲು ಒಂದು ಕೆಲಸ ಮಾಡಿ. ನಾಣ್ಯಗಳನ್ನು ತೊಳೆಯದೆ, ಹಂಚಿಕೊಳ್ಳದೆ, ಕುಡಿಕೆಯ ಚೂರುಗಳ ಸಮೇತ ಒಂದೆಡೆ ಇಟ್ಟು, ಗುಂಡಿಯ ಆಳವನ್ನೂ ಜಾಗವನ್ನೂ ಬರೆದು ಫೋಟೊ ತೆಗೆಯಿರಿ. ಒಂದೇ ಕುಡಿಕೆಯಲ್ಲಿ ಯಾವ ನಾಣ್ಯದ ಜೊತೆ ಯಾವುದಿತ್ತು ಎಂಬುದರಿಂದಲೇ ಅದನ್ನು ಹೂತಿಟ್ಟ ಕಾಲ ಗೊತ್ತಾಗುವುದು. ಯಶವಂತಪುರದ ಬಳಿ 1891ರಲ್ಲಿ ಸಿಕ್ಕಿದ ರೋಮನ್ ಬೆಳ್ಳಿ ನಾಣ್ಯಗಳು ಚೆದುರಿಹೋಗದೆ ದಾಖಲೆಗೆ ಸೇರಿದ್ದರಿಂದಲೇ ನಮ್ಮ ನಾಡಿನ ಹಳೆಯ ವ್ಯಾಪಾರದ ಚರಿತ್ರೆಯಲ್ಲಿ ಅವುಗಳಿಗೊಂದು ಸ್ಥಾನವಿದೆ.

ಪ್ರಶ್ನೆ: ಮಳೆಗಾಲದಲ್ಲಿ ಆಲ್ಬಮ್ಮಿನ ನಾಣ್ಯಗಳಿಗೆ ಹಸಿರು ಅಂಟು ಹಿಡಿಯುತ್ತದೆ. ಏನು ಮಾಡಲಿ?
(ಭಾಗಮಂಡಲ)

ಉತ್ತರ: ಮಳೆಯದು ಅರ್ಧ ತಪ್ಪು, ಆಲ್ಬಮ್ಮಿನದು ಇನ್ನರ್ಧ. ಅಗ್ಗದ ಪಿವಿಸಿ ಹಾಳೆಗಳಿಂದ ಕ್ರಮೇಣ ಹೊರಬರುವ ಆಮ್ಲವು ತಾಮ್ರದೊಡನೆ ಸೇರಿ ಆ ಅಂಟಾಗುತ್ತದೆ. ನಾಣ್ಯಗಳನ್ನು ಇಂದೇ ಹೊರತೆಗೆದು, ನಡುವಿನ ಕಿಂಡಿಗೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿರುವ ರಟ್ಟಿನ ಚೌಕಗಳಿಗೆ ಬದಲಾಯಿಸಿ. ಅವು ದೊರೆಯುವವರೆಗೆ ಬಿಳಿ ಕಾಗದದ ಸಣ್ಣ ಲಕೋಟೆಗಳೇ ಸಾಕು. ಒಂದರಲ್ಲಿ ಒಂದೇ ನಾಣ್ಯವಿರಲಿ. ಲಕೋಟೆಗಳಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಮರದ ಪೆಟ್ಟಿಗೆಗಿಂತ ಬಿಗಿ ಮುಚ್ಚಳದ ಡಬ್ಬಿ ಒಳ್ಳೆಯದು. ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಬದಲಾಯಿಸುತ್ತಿರಿ. ಬಿಸಿಲು ಬಿದ್ದ ದಿನವೇ ಡಬ್ಬಿಯನ್ನು ತೆರೆದು ನೋಡುವುದು ಉತ್ತಮ.